ಹದಿನಾಲ್ಕು ಚಕ್ರವಿದ್ದರೂ ಲಾರಿ ವಾಲುವುದೇಕೆ?

ಭಾರಿ ವಾಹನಗಳ ಬ್ರೇಕಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ರೇಕನ್ನು ಬದಿಗಿಟ್ಟು ತಿರುವಿನ ಬಗ್ಗೆಯೇ ಕೇಳಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಐದನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾವು ಹತ್ತು ಚಕ್ರದ ಲಾರಿಯನ್ನು ಮಾರಿ ಹದಿನಾಲ್ಕು ಚಕ್ರದ್ದನ್ನು ಕೊಂಡಿದ್ದೇವೆ. ಚಕ್ರ ಹೆಚ್ಚಿರುವುದರಿಂದ ರಸ್ತೆಯ ಮೇಲೆ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂದುಕೊಂಡಿದ್ದೆವು. ಆದರೆ ನೈಸ್ ರಸ್ತೆಯಿಂದ ಮಾದಾವರದ ಬಳಿ ತುಮಕೂರು ರಸ್ತೆಗೆ ಇಳಿಯುವ ತಿರುವಿನಲ್ಲಿ ಇದು ಹಳೆಯದಕ್ಕಿಂತ ಹೆಚ್ಚು ವಾಲುತ್ತದೆ, ಸ್ಟಿಯರಿಂಗ್ ತಿರುಗಿಸಿದಷ್ಟು ಲಾರಿ ತಿರುಗುವುದಿಲ್ಲ ಎಂದು ಚಾಲಕರು ದೂರುತ್ತಾರೆ. ಏನು ಮಾಡಬೇಕು?
— ಲಾರಿ ಮಾಲೀಕರು, ಯಶವಂತಪುರ

ಉತ್ತರ: ನಿಮ್ಮ ಚಾಲಕರು ಹೇಳುವ ಎರಡು ಮಾತೂ ನಿಜ, ಆದರೆ ಅವು ಎರಡು ಬೇರೆ ಬೇರೆ ತೊಂದರೆಗಳು. ವಾಲುವುದು ಒಂದು, ತಿರುಗಿಸಿದಷ್ಟು ತಿರುಗದಿರುವುದು ಇನ್ನೊಂದು. ಹೆಚ್ಚಿನ ಚಕ್ರಗಳು ಮೊದಲನೆಯದನ್ನು ತಡೆಯುವುದಿಲ್ಲ, ಎರಡನೆಯದನ್ನಂತೂ ಹೆಚ್ಚಿಸುತ್ತವೆ.

ಚಕ್ರ ಹೆಚ್ಚಿಸಲು ಆಕ್ಸಲ್, ಅಂದರೆ ಎಡಬಲ ಚಕ್ರಗಳನ್ನು ಹೊರುವ ಅಡ್ಡ ಅಚ್ಚು, ಸೇರಿಸಿದಾಗ ಲಾರಿ ಉದ್ದವಾಗುತ್ತದೆಯೇ ಹೊರತು ಅಗಲವಾಗುವುದಿಲ್ಲ. ನಮ್ಮ ಮೋಟಾರು ವಾಹನ ನಿಯಮಗಳ ಪ್ರಕಾರ ವಾಹನದ ಅಗಲ 2.6 ಮೀಟರ್ ಮೀರುವಂತಿಲ್ಲ. ಆರು ಚಕ್ರದ ಲಾರಿಗೂ ಇದೇ ಮಿತಿ, ಉದ್ದನೆಯ ಟ್ರೇಲರ್‌ಗೂ ಇದೇ ಮಿತಿ. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಗಳನ್ನು ಏರಿಸಿದ ಮೇಲೆ ಹತ್ತು ಚಕ್ರದ ಲಾರಿಯ ಒಟ್ಟು ತೂಕ 28.5 ಟನ್‌ವರೆಗೆ ಇರಬಹುದು. ಹದಿನಾಲ್ಕು ಚಕ್ರದ್ದರ ಒಟ್ಟು ತೂಕ ಸುಮಾರು 42 ಟನ್. ಅಂದರೆ ತೂಕ ಸರಿಸುಮಾರು ಒಂದೂವರೆ ಪಟ್ಟು ಏರಿತು, ಬಾಡಿಯ ಉದ್ದ ಅಷ್ಟು ಏರಲಿಲ್ಲ, ಅಗಲ ಇದ್ದಲ್ಲಿಯೇ ಉಳಿಯಿತು. ಹೆಚ್ಚಿದ ಸರಕು ಹೋಗುವುದಕ್ಕೆ ಉಳಿದ ದಾರಿ ಒಂದೇ, ಮೇಲಕ್ಕೆ.

ವಾಹನ ಯಾವಾಗ ಉರುಳುತ್ತದೆ ಎಂಬುದರ ಮೂಲ ಲೆಕ್ಕ ಬಹಳ ಸರಳ. ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು, ಗುರುತ್ವ ಕೇಂದ್ರ, ಅಂದರೆ ಇಡೀ ಭಾರ ಕೂಡಿರುವಂತೆ ವರ್ತಿಸುವ ಬಿಂದು, ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರಿಂದ ಭಾಗಿಸಬೇಕು. ಹಿಂದಿನ ಜೋಡಿ ಚಕ್ರಗಳ ನಡುಮಧ್ಯದ ಅಂತರ ಸುಮಾರು 1.8 ಮೀಟರ್, ಗುರುತ್ವ ಕೇಂದ್ರ 2 ಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ 0.9ನ್ನು 2ರಿಂದ ಭಾಗಿಸಿದಾಗ 0.45 ಬರುತ್ತದೆ. ವಾಹನದ ತೂಕದ ಶೇ 45ರಷ್ಟು ಬಲ ಬದಿಯಿಂದ ತಳ್ಳಿದರೆ ಒಳಬದಿಯ ಚಕ್ರಗಳು ನೆಲ ಬಿಡುತ್ತವೆ ಎಂದು ಇದರ ಅರ್ಥ. ಆದರೆ ಟೈರು, ಸ್ಪ್ರಿಂಗು, ಕೀಲುಗಳಲ್ಲಿರುವ ಬುಷ್‌ಗಳೆಲ್ಲ ಬಾಗಿ ಸರಕನ್ನು ಹೊರಬದಿಗೆ ಸರಿಯಗೊಡುವುದರಿಂದ ನಿಜವಾದ ಮಿತಿ ಇನ್ನೂ ಕೆಳಗಿರುತ್ತದೆ. ತುಂಬಿದ ಭಾರಿ ಲಾರಿಗಳಲ್ಲಿ ಅದು ಸಾಮಾನ್ಯವಾಗಿ 0.3ರಿಂದ 0.4ರ ಆಸುಪಾಸು; ಕಾರುಗಳಲ್ಲಿ 1ನ್ನೂ ಮೀರುವುದುಂಟು. ಕಾರು ಓಡಿಸಿ ಅಭ್ಯಾಸವಾದವರು ಲಾರಿಯವರ ನಿಧಾನವನ್ನು ಕಂಡು ಹಾರ್ನ್ ಒತ್ತುವಾಗ ಈ ಒಂದು ಅಂಕಿಯನ್ನು ನೆನೆದರೆ ಸಾಕು.

ಇನ್ನು ತಿರುವಿನ ಲೆಕ್ಕ. ತಿರುವಿನ ತ್ರಿಜ್ಯ 50 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬದಿಯ ಬಲ ತೂಕದ 0.14ರಷ್ಟು, 45ರಲ್ಲಿ 0.32ರಷ್ಟು, 50ರಲ್ಲಿ 0.39ರಷ್ಟು. ವೇಗದ ವರ್ಗಕ್ಕೆ ತಕ್ಕಂತೆ ಬಲ ಏರುವುದರಿಂದ ಕೊನೆಯ ಐದು ಕಿಲೋಮೀಟರ್‌ಗಳಲ್ಲಿಯೇ ಕ್ಷೇಮದಿಂದ ಅಪಾಯಕ್ಕೆ ದಾಟಿಬಿಡುತ್ತೇವೆ. ಹೆದ್ದಾರಿಯಲ್ಲಿ 80ರಲ್ಲಿ ಓಡಿಸಿ ಬಂದ ಚಾಲಕರಿಗೆ 50 ಎಂಬುದು ತೆವಳಿದಂತೆ ತೋರುತ್ತದೆ ಎನ್ನುವುದೇ ಇಲ್ಲಿನ ತೊಡಕು. ಆದ್ದರಿಂದ ಇಳಿತಿರುವಿಗೆ ಬರುವ ಮೊದಲೇ, ನೇರ ರಸ್ತೆಯಲ್ಲಿಯೇ ಬ್ರೇಕ್ ಹಿಡಿದು ವೇಗವನ್ನು 30ಕ್ಕೆ ಇಳಿಸುವ ರೂಢಿಯನ್ನು ನಿಮ್ಮ ಸಂಸ್ಥೆಯ ನಿಯಮವನ್ನಾಗಿ ಮಾಡಿ. ಇದಕ್ಕೆ ಕಾಸು ಖರ್ಚಿಲ್ಲ.

ಎರಡನೆಯ ದೂರಿಗೆ ಬರೋಣ. ವಾಹನ ಸಲೀಸಾಗಿ ತಿರುಗಬೇಕಾದರೆ ಎಲ್ಲ ಆಕ್ಸಲ್‌ಗಳ ಗೆರೆಗಳೂ ಮುಂದುವರಿದು ಒಂದೇ ಬಿಂದುವಿನಲ್ಲಿ ಕೂಡಬೇಕು. ಮುಂದಿನ ಎರಡು ಸ್ಟಿಯರಿಂಗ್ ಆಕ್ಸಲ್‌ಗಳಿಗೆ ಬೇರೆ ಬೇರೆ ಕೋನ ಕೊಟ್ಟು ಅದನ್ನು ಸಾಧಿಸುತ್ತಾರೆ. ಆದರೆ ಹಿಂಭಾಗದಲ್ಲಿ ಒಂದರ ಹಿಂದೊಂದಾಗಿ ಕಟ್ಟಿದ ಆಕ್ಸಲ್‌ಗಳು ಒಂದಕ್ಕೊಂದು ಸಮಾನಾಂತರವಾಗಿರುತ್ತವೆ. ಸಮಾನಾಂತರ ಗೆರೆಗಳು ಎಂದೂ ಕೂಡುವುದಿಲ್ಲ. ಹೀಗಾಗಿ ಹಿಂದಿನ ಟೈರುಗಳು ಸ್ವಲ್ಪ ಉಜ್ಜಿಕೊಂಡೇ ತಿರುಗಬೇಕು, ಆ ಉಜ್ಜಾಟ ಲಾರಿಯನ್ನು ನೇರಕ್ಕೇ ಎಳೆಯುತ್ತದೆ, ಮುಂದಿನ ಟೈರುಗಳು ಅದರ ವಿರುದ್ಧ ಹೋರಾಡಬೇಕಾಗುತ್ತದೆ. ಸರಕನ್ನು ಹಿಂಭಾಗಕ್ಕೇ ಹೇರಿ ಮುಂದಿನ ಆಕ್ಸಲ್ ಹಗುರವಾಗಿದ್ದರೆ, ಮಳೆ ಬಿದ್ದ ರಸ್ತೆಯಲ್ಲಿ ಸ್ಟಿಯರಿಂಗ್ ತಿರುಗಿದರೂ ಲಾರಿ ನೇರವಾಗಿಯೇ ಜಾರುತ್ತದೆ.

ನಿಮ್ಮ ಲಾರಿಯಲ್ಲಿ ಲಿಫ್ಟ್ ಆಕ್ಸಲ್, ಅಂದರೆ ಬೇಡವಾದಾಗ ಚಕ್ರಸಮೇತ ಮೇಲಕ್ಕೆತ್ತಬಹುದಾದ ಆಕ್ಸಲ್, ಇರಬಹುದು. ಟೈರು ಸವೆಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ ಎಂದು ಲೋಡು ಇರುವಾಗಲೂ ಅದನ್ನು ಎತ್ತಿಯೇ ಓಡಿಸುವವರನ್ನು ನೆಲಮಂಗಲದ ದಾರಿಯಲ್ಲಿ ಎಷ್ಟು ಬೇಕಾದರೂ ನೋಡಬಹುದು. ಎತ್ತಿದ ಆಕ್ಸಲ್ ಹೊರಬೇಕಾದ ಭಾರ ಉಳಿದ ಟೈರುಗಳ ಮೇಲೆ ಬೀಳುತ್ತದೆ. ಟೈರಿನ ಮೇಲೆ ಭಾರ ಎರಡು ಪಟ್ಟಾದರೆ ಅದರ ಬದಿಯ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಆಗುತ್ತದೆ ಎಂಬುದನ್ನು ಮರೆಯಬಾರದು. ಲೋಡು ಇದ್ದರೆ ಆಕ್ಸಲ್ ಕೆಳಗೇ ಇರಲಿ, ಅದನ್ನು ಕೆಳಕ್ಕೊತ್ತುವ ಗಾಳಿಯ ಒತ್ತಡವೂ ತಯಾರಕರು ಹೇಳಿದಷ್ಟೇ ಇರಲಿ. ಒತ್ತಡ ಮಿತಿಮೀರಿದರೆ ಎಂಜಿನ್ ತಿರುಗಿಸುವ ಚಕ್ರಗಳೇ ಹಗುರಾಗಿ ಏರಿನಲ್ಲಿ ಜಾರತೊಡಗುತ್ತವೆ.

ನಮ್ಮಲ್ಲಿ ಲಾರಿ ವಾಲುತ್ತದೆ ಎಂದೊಡನೆ ಗ್ಯಾರೇಜಿನವರು ಕೊಡುವ ಮದ್ದು ಒಂದೇ: ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಾ (ಉಕ್ಕಿನ ಪಟ್ಟಿ) ಸೇರಿಸಿ. ಈ ಮದ್ದನ್ನು ನಾನು ಒಪ್ಪುವುದಿಲ್ಲ. ಪಟ್ಟಾ ಸೇರಿಸಿದಾಗ ಸ್ಪ್ರಿಂಗ್ ಬಿಗಿಯಾಗುವುದೇನೋ ಸರಿ, ಆದರೆ ಬಾಡಿ ಇನ್ನಷ್ಟು ಮೇಲೇರುತ್ತದೆ; ಒಂದು ಆಕ್ಸಲ್ ಬಿಗಿಯಾಗಿ ಅದರ ಜೊತೆಯದು ಸಡಿಲವಾಗಿದ್ದರೆ ಭಾರದ ಹಂಚಿಕೆ ಕೆಡುತ್ತದೆ; ಹಿಂಭಾಗವೊಂದೇ ವಾಲುವಿಕೆಯ ಹೊರೆಯನ್ನೆಲ್ಲ ಹೊತ್ತುಕೊಂಡು ಒಳಬದಿಯ ಹಿಂಚಕ್ರ ಬೇಗ ಹಗುರಾಗುತ್ತದೆ. ಅದರ ಬದಲು ಮೊದಲು ಸವೆದ ಬುಷ್‌ಗಳನ್ನು ಬದಲಾಯಿಸಿ, ಯು-ಬೋಲ್ಟುಗಳನ್ನು ಬಿಗಿ ಮಾಡಿಸಿ, ಮುರಿದ ಪಟ್ಟಾ ಇದೆಯೇ ನೋಡಿ, ವಾಲುವಿಕೆಯನ್ನು ತಡೆಯುವ ಆಂಟಿ ರೋಲ್ ಬಾರ್ ಇದ್ದರೆ ಅದರ ಕೊಂಡಿಗಳು ಇವೆಯೇ ಎಂದು ಪರೀಕ್ಷಿಸಿ. ಸದ್ದು ಮಾಡುತ್ತದೆ ಎಂದು ಕೊಂಡಿಯನ್ನೇ ಬಿಚ್ಚಿ ಬಿಸಾಡಿದ ಲಾರಿಗಳನ್ನು ಕಂಡಿದ್ದೇನೆ. ಜೋಡಿ ಟೈರುಗಳಲ್ಲಿ ಒಂದಕ್ಕೆ ಹವಾ ಕಡಿಮೆಯಿದ್ದರೂ ಇನ್ನೊಂದು ಎಲ್ಲವನ್ನೂ ಹೊರುತ್ತದೆ, ಹೊರಗಿನಿಂದ ನೋಡಿದರೆ ತಿಳಿಯುವುದೂ ಇಲ್ಲ. ಎಲ್ಲ ಆಕ್ಸಲ್‌ಗಳ ಅಲೈನ್‌ಮೆಂಟ್ ಮಾಡಿಸಿ, ಬರೀ ಮುಂದಿನದ್ದಲ್ಲ. ಹಿಂದಿನ ಆಕ್ಸಲ್ ಒಂದು ಕೂದಲೆಳೆಯಷ್ಟು ಓರೆಯಾಗಿದ್ದರೂ ಚಾಲಕರು ದಿನವಿಡೀ ಸ್ಟಿಯರಿಂಗನ್ನು ಒಂದು ಬದಿಗೆ ಹಿಡಿದೇ ಓಡಿಸಬೇಕಾಗುತ್ತದೆ.

ಇಷ್ಟೆಲ್ಲ ಮಾಡಿಸಿದ ಮೇಲೂ ಸರಕು ಏರಿಸುವ ಕ್ರಮವೇ ಮುಖ್ಯ. ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ, ಎರಡೂ ಬದಿಗೆ ಸಮನಾಗಿ, ಅಲುಗದಂತೆ ಬಿಗಿದು. ಗುರುತ್ವ ಕೇಂದ್ರ 2 ಮೀಟರ್‌ನಿಂದ 2.4 ಮೀಟರ್‌ಗೆ ಏರಿದರೆ ಮೇಲಿನ ಲೆಕ್ಕದ 0.45 ಎಂಬುದು 0.375ಕ್ಕೆ ಇಳಿಯುತ್ತದೆ. ಕಳೆದುಕೊಂಡ ಇಷ್ಟನ್ನು ಯಾವ ಸ್ಪ್ರಿಂಗೂ ಹಿಂದಕ್ಕೆ ತಂದುಕೊಡಲಾರದು.

ಪ್ರಶ್ನೆ: ಕಾರುಗಳಲ್ಲಿರುವ ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ, ಅಂದರೆ ಇಎಸ್‌ಸಿ, ಹತ್ತಾರು ಚಕ್ರಗಳ ವಾಹನದಲ್ಲಿ ಹೇಗೆ ಕೆಲಸ ಮಾಡುತ್ತದೆ? ಎಬಿಎಸ್ ಇದ್ದರೆ ಸಾಲದೇ?
— ಮೆಕ್ಯಾನಿಕಲ್ ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ಬ್ರೇಕ್ ಹಿಡಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ಎಬಿಎಸ್ ನೋಡಿಕೊಳ್ಳುತ್ತದೆ. ಟ್ರೇಲರ್ ಎಳೆಯುವ ವಾಹನಗಳಲ್ಲಿ ಇದರ ಉಪಕಾರ ದೊಡ್ಡದು. ಎಳೆಯುವ ಮುಂದಿನ ವಾಹನದ, ಅಂದರೆ ಟ್ರ್ಯಾಕ್ಟರ್‌ನ, ಹಿಂಚಕ್ರಗಳು ಸಿಕ್ಕಿಕೊಂಡರೆ ಹಿಂದಿನ ಟ್ರೇಲರ್ ಅದನ್ನು ತಳ್ಳಿ ಮಡಚುಕತ್ತಿಯಂತೆ ಮಡಚಿಬಿಡುತ್ತದೆ. ಟ್ರೇಲರ್‌ನ ಚಕ್ರಗಳು ಸಿಕ್ಕಿಕೊಂಡರೆ ಅದರ ಬಾಲ ಪಕ್ಕದ ಲೇನಿಗೆ ಬೀಸುತ್ತದೆ. ಮೊದಲನೆಯದು ಶುರುವಾದ ಮೇಲೆ ಚಾಲಕರ ಕೈಯಲ್ಲಿ ಏನೂ ಉಳಿಯುವುದಿಲ್ಲ; ಎರಡನೆಯದರಲ್ಲಿ ಬ್ರೇಕ್ ಬಿಟ್ಟರೆ ಸರಿಹೋಗುವ ಅವಕಾಶ ಇರುತ್ತದೆ, ಆದರೆ ಕನ್ನಡಿಯಲ್ಲಿ ಅದನ್ನು ಹೊತ್ತಿಗೆ ಸರಿಯಾಗಿ ಕಂಡರೆ ಮಾತ್ರ.

ಇಎಸ್‌ಸಿ ಬ್ರೇಕ್ ಹಿಡಿಯುವವರೆಗೆ ಕಾಯುವುದಿಲ್ಲ. ಸ್ಟಿಯರಿಂಗ್ ಎಷ್ಟು ತಿರುಗಿದೆ, ಪ್ರತಿ ಚಕ್ರ ಎಷ್ಟು ವೇಗವಾಗಿ ಉರುಳುತ್ತಿದೆ, ವಾಹನ ತನ್ನ ನೆಟ್ಟನೆಯ ಅಕ್ಷದ ಸುತ್ತ ಎಷ್ಟು ಬೇಗ ತಿರುಗುತ್ತಿದೆ, ಬದಿಯ ಬಲ ಎಷ್ಟಿದೆ ಎಂಬ ನಾಲ್ಕು ಸಂಗತಿಗಳನ್ನು ಸಂವೇದಕಗಳಿಂದ ಸತತವಾಗಿ ಓದುತ್ತ, ಚಾಲಕರು ಬಯಸಿದ ದಾರಿಗೂ ವಾಹನ ಹಿಡಿದಿರುವ ದಾರಿಗೂ ವ್ಯತ್ಯಾಸ ಕಂಡೊಡನೆ ಎಂಜಿನ್ನಿನ ಬಲವನ್ನು ಇಳಿಸಿ, ಬೇಕಾದ ಚಕ್ರಕ್ಕೆ ಮಾತ್ರ ತಾನೇ ಬ್ರೇಕ್ ಹಾಕುತ್ತದೆ. ಮುಂಭಾಗ ಹೊರಕ್ಕೆ ಜಾರುತ್ತಿದ್ದರೆ ಒಳಬದಿಯ ಹಿಂಚಕ್ರಕ್ಕೆ, ಹಿಂಭಾಗ ಬೀಸುತ್ತಿದ್ದರೆ ಹೊರಬದಿಯ ಮುಂಚಕ್ರಕ್ಕೆ. ಭಾರಿ ವಾಹನದಲ್ಲಿ ಅದಕ್ಕೆ ಇನ್ನೊಂದು ಹೊಣೆಯೂ ಸೇರುತ್ತದೆ: ಬದಿಯ ಬಲ ಉರುಳುವ ಮಿತಿಯ ಹತ್ತಿರ ಬಂದರೆ, ಜಾರಿಕೆ ಇರಲಿ ಇಲ್ಲದಿರಲಿ, ಇಡೀ ವಾಹನದ ವೇಗವನ್ನೇ ಇಳಿಸುವುದು. ಕಾರು ಮೊದಲು ಜಾರುತ್ತದೆ, ಆಮೇಲೆ ಉರುಳಿದರೆ ಉರುಳಬಹುದು. ತುಂಬಿದ ಲಾರಿ ಒಣ ರಸ್ತೆಯಲ್ಲಿ ಜಾರುವ ಮೊದಲೇ ಉರುಳುತ್ತದೆ. ಈ ತಿರುವುಮುರುವೇ ಎರಡರ ನಿಯಂತ್ರಣಕ್ಕೂ ಇರುವ ಮುಖ್ಯ ವ್ಯತ್ಯಾಸ, ನಿಮ್ಮ ಪರೀಕ್ಷೆಗೂ ಇದು ಉಪಯೋಗಕ್ಕೆ ಬಂದೀತು.

ಈ ವ್ಯವಸ್ಥೆ ಚಾಲಕರಿಗಿಂತ ಮೊದಲು ಎಚ್ಚರಗೊಳ್ಳುತ್ತದೆ ಎನ್ನುವುದೂ ಕಡಿಮೆ ಮಾತಲ್ಲ. ಟ್ರೇಲರ್‌ನ ಒಳಚಕ್ರಗಳು ನೆಲ ಬಿಟ್ಟಿದ್ದರೂ, ನಡುವಿನ ಚಾಸಿ ತಿರುಚಿಕೊಳ್ಳುವುದರಿಂದ, ಮುಂದಿನ ಕ್ಯಾಬಿನ್‌ನಲ್ಲಿ ಕುಳಿತವರಿಗೆ ಏನೂ ಅನ್ನಿಸದಿರಬಹುದು. ಅಮೆರಿಕದಲ್ಲಿ 2015ರಲ್ಲಿ ಹೊರಡಿಸಿದ ನಿಯಮದಂತೆ 2017ರಿಂದ ಭಾರಿ ಟ್ರಕ್ ಟ್ರ್ಯಾಕ್ಟರ್‌ಗಳಿಗೆ ಇದನ್ನು ಕಡ್ಡಾಯ ಮಾಡಲು ತೊಡಗಿದ್ದಕ್ಕೆ ಉರುಳುವಿಕೆಯೂ ಒಂದು ಕಾರಣ. ಆದರೂ ಬ್ರೇಕುಗಳು ಎಡಬಲಕ್ಕೆ ಸಮನಾಗಿ ಹಿಡಿಯದಿದ್ದರೆ, ಟೈರು ನುಣುಪಾಗಿದ್ದರೆ, ಚಕ್ರ ಫುಟ್‌ಪಾತಿನ ಅಂಚಿಗೆ ಬಡಿದರೆ ಇಎಸ್‌ಸಿ ಕೂಡ ಕೈಚೆಲ್ಲುತ್ತದೆ.

ಪ್ರಶ್ನೆ: ನಮ್ಮ ನೀರಿನ ಟ್ಯಾಂಕರ್ ತುಂಬಿರುವಾಗ ಚೆನ್ನಾಗಿ ಓಡುತ್ತದೆ. ಅರ್ಧ ಖಾಲಿ ಮಾಡಿ ಹೊರಟರೆ ಹಡಗಿನಂತೆ ತೂಗಾಡುತ್ತದೆ. ತೂಕ ಕಡಿಮೆಯಾದ ಮೇಲೆ ಸ್ಥಿರತೆ ಹೆಚ್ಚಬೇಕಲ್ಲವೇ?
— ಟ್ಯಾಂಕರ್ ಚಾಲಕರು, ವರ್ತೂರು

ಉತ್ತರ: ತುಂಬಿದ ಟ್ಯಾಂಕಿನಲ್ಲಿ ನೀರಿಗೆ ಅಲುಗಲು ಜಾಗವಿರುವುದಿಲ್ಲ, ಅದು ಗಟ್ಟಿ ಸರಕಿನಂತೆಯೇ ವರ್ತಿಸುತ್ತದೆ. ಅರ್ಧ ಖಾಲಿಯಾದಾಗ ಒಳಗಿನ ನೀರು ತಿರುವಿನಲ್ಲಿ ಹೊರಬದಿಗೆ ಏರಿ, ಗುರುತ್ವ ಕೇಂದ್ರವನ್ನೇ ತನ್ನೊಡನೆ ಒಯ್ಯುತ್ತದೆ. ಲಾರಿಯಗಲದ ಟ್ಯಾಂಕಿನಲ್ಲಿ ನೀರು ಎಡದಿಂದ ಬಲಕ್ಕೆ ಹೋಗಿ ಮರಳಿ ಬರಲು ಸುಮಾರು ಎರಡು ಸೆಕೆಂಡು ಹಿಡಿಯುತ್ತದೆ. ಅಡ್ಡ ಬಂದ ದ್ವಿಚಕ್ರವನ್ನು ತಪ್ಪಿಸಲು ನೀವು ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿ ಬಲಕ್ಕೆ ತರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ.

ಟ್ಯಾಂಕಿನೊಳಗೆ ರಂಧ್ರಗಳಿರುವ ಅಡ್ಡ ತಡೆತಗಡುಗಳನ್ನು ಹಾಕಿಸಿದ್ದೇವೆ ಎಂದು ಮಾಲೀಕರು ಹೇಳಬಹುದು. ಅವು ಬ್ರೇಕ್ ಹಿಡಿದಾಗ ನೀರು ಮುಂದಕ್ಕೆ ನುಗ್ಗುವುದನ್ನು ತಡೆಯುತ್ತವೆ, ಬದಿಗೆ ಏರುವುದನ್ನು ತಡೆಯುವುದಿಲ್ಲ. ಅದಕ್ಕೆ ಟ್ಯಾಂಕಿನ ಉದ್ದಕ್ಕೂ ನಡುವೆ ತಡೆತಗಡು ಬೇಕು. ಅದಕ್ಕಿಂತ ಸುಲಭವಾದದ್ದು, ಟ್ಯಾಂಕನ್ನು ಎರಡು ಮೂರು ಪೂರ್ಣ ಕೋಣೆಗಳಾಗಿ ಮಾಡಿಸಿ ಒಂದೊಂದನ್ನೇ ಪೂರ್ತಿ ಖಾಲಿ ಮಾಡುವುದು. ಆಗ ಅರ್ಧ ತುಂಬಿದ ಕೋಣೆ ಒಂದಕ್ಕಿಂತ ಹೆಚ್ಚು ಇರುವುದಿಲ್ಲ. ಖಾಲಿ ಮಾಡುವಾಗ ಹಿಂದಿನ ಕೋಣೆಯಿಂದ ಆರಂಭಿಸಿ, ಮುಂದಿನ ಆಕ್ಸಲ್ ಮೇಲೆ ಭಾರ ಉಳಿಯಲಿ. ಹಾಲಿನ ಟ್ಯಾಂಕರಿನವರಿಗೂ ಕೋಣೆಗಳೇ ಮೇಲು. ತಡೆತಗಡುಗಳ ಮೂಲೆಗಳನ್ನು ತೊಳೆಯುವುದು ಕಷ್ಟ.

ಪ್ರಶ್ನೆ: ಮಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿಯಲ್ಲಿ ಕೆಎಸ್‌ಆರ್‌ಟಿಸಿಯ ಐರಾವತ ಕ್ಲಬ್ ಕ್ಲಾಸ್ ಬಸ್ಸು ಅಷ್ಟಾಗಿ ವಾಲುವುದಿಲ್ಲ, ಸ್ಲೀಪರ್ ಬಸ್ಸು ವಾಲುತ್ತದೆ. ಹಿಂದೆ ಒಂದು ಆಕ್ಸಲ್ ಹೆಚ್ಚಿರುವುದೇ ಕಾರಣವೇ?
— ಒಬ್ಬ ಪ್ರಯಾಣಿಕರು, ಮಲ್ಲೇಶ್ವರ

ಉತ್ತರ: ಅಲ್ಲ. ಮೂರನೆಯ ಆಕ್ಸಲ್ ಉದ್ದದ ಬಸ್ಸಿನ ಹೆಚ್ಚಿನ ಭಾರವನ್ನು ಹೊರಲು ಇರುವುದು. ವಾಲದಂತೆ ಹಿಡಿಯುವುದು ಗಾಳಿ ಸ್ಪ್ರಿಂಗುಗಳ ಜೊತೆಗಿರುವ ದಪ್ಪನೆಯ ಆಂಟಿ ರೋಲ್ ಬಾರ್ ಮತ್ತು ನೆಲಮಟ್ಟದಲ್ಲಿ ತುಂಬಿದ ಲಗೇಜು. ಗಾಳಿ ಸ್ಪ್ರಿಂಗ್ ಒಂದೇ ಇದ್ದಿದ್ದರೆ ಬಸ್ಸು ಇನ್ನೂ ಹೆಚ್ಚು ವಾಲುತ್ತಿತ್ತು. ಸ್ಲೀಪರಿನಲ್ಲಿ ಅರ್ಧದಷ್ಟು ಜನ ಮೇಲಿನ ಬರ್ತಿನಲ್ಲಿ ಮಲಗಿರುತ್ತಾರೆ, ಸಾಲದ್ದಕ್ಕೆ ಕೆಲವರು ಚಾವಣಿಯ ಮೇಲೂ ಸರಕು ಹೇರುತ್ತಾರೆ. ನೀವು ಮೇಲೆ ಮಲಗಿದ್ದರೆ ಅದೇ ವಾಲುವಿಕೆ ದುಪ್ಪಟ್ಟಾಗಿ ಅನ್ನಿಸುತ್ತದೆ ಎಂಬುದೂ ಒಂದು ಮಾತು.

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಕೋದಂಡರಾಮಸ್ವಾಮಿ ದೇವಸ್ಥಾನಕ್ಕೆ ಮಹಾವಿಷ್ಣುವಿನ ಭಾರಿ ಏಕಶಿಲೆಯನ್ನು ತಮಿಳುನಾಡಿನ ವಂದವಾಸಿ ಕಡೆಯಿಂದ 240 ಚಕ್ರಗಳ ಟ್ರೇಲರ್‌ನಲ್ಲಿ ತಂದರು. ಅಷ್ಟು ಚಕ್ರಗಳಿದ್ದರೆ ರಸ್ತೆಯ ಒಂದೊಂದು ಗುಂಡಿಯಲ್ಲಿಯೂ ಕೆಲವು ಚಕ್ರ ಗಾಳಿಯಲ್ಲಿ ತೇಲಬೇಕಲ್ಲವೇ? ಅದು ಮಗುಚದೆ ಬಂದದ್ದು ಹೇಗೆ?
— ನಿವೃತ್ತ ಶಿಕ್ಷಕರು, ಈಜಿಪುರ

ಉತ್ತರ: 2018ರ ಕೊನೆಯಲ್ಲಿ ಹೊರಟು 2019ರಲ್ಲಿ ನಗರ ಮುಟ್ಟಿದ ಆ ಪಯಣವನ್ನು ನೋಡಲು ಹೋದವರೆಲ್ಲ ವಿಗ್ರಹವನ್ನು ನೋಡಿದರು, ನಾನು ಅದರ ಕೆಳಗಿನ ಕೊಳವೆಗಳನ್ನು ನೋಡುತ್ತ ನಿಂತಿದ್ದೆ, ಜೊತೆಗೆ ಬಂದವರಿಗೆ ಇದು ಸ್ವಲ್ಪ ಬೇಸರವನ್ನೂ ತರಿಸಿತು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಕೊಳವೆಗಳಲ್ಲಿ.

ಮೂರು ಕಾಲಿನ ಸ್ಟೂಲು ಎಂಥ ಅಂಕುಡೊಂಕು ನೆಲದಲ್ಲಿಯೂ ಅಲುಗದೆ ಕೂರುತ್ತದೆ, ನಾಲ್ಕು ಕಾಲಿನದು ಕುಂಟುತ್ತದೆ. ಹಾಗಿದ್ದ ಮೇಲೆ 240 ಕಾಲಿನದು ಹೇಗಿರಬೇಡ? ಸಾಧಾರಣ ಸ್ಪ್ರಿಂಗ್ ಹಾಕಿದ್ದರೆ ದಿಣ್ಣೆಯ ಮೇಲಿನ ನಾಲ್ಕಾರು ಚಕ್ರಗಳೇ ಎಲ್ಲ ಭಾರವನ್ನೂ ಹೊತ್ತು ಸಿಡಿದು ಹೋಗುತ್ತಿದ್ದವು. ಆದ್ದರಿಂದ ಇಂಥ ಟ್ರೇಲರ್‌ಗಳಲ್ಲಿ ಪ್ರತಿ ಚಕ್ರಗುಂಪಿನ ಮೇಲೆ ಒಂದು ಹೈಡ್ರಾಲಿಕ್ ಸಿಲಿಂಡರ್ ಇಟ್ಟು, ಹಲವು ಸಿಲಿಂಡರ್‌ಗಳನ್ನು ಕೊಳವೆಯಿಂದ ಒಂದಕ್ಕೊಂದು ಜೋಡಿಸುತ್ತಾರೆ. ಜೋಡಿಸಿದ ಸಿಲಿಂಡರ್‌ಗಳೆಲ್ಲದರಲ್ಲೂ ಎಣ್ಣೆಯ ಒತ್ತಡ ಒಂದೇ. ಒಂದು ಚಕ್ರ ದಿಣ್ಣೆ ಏರಿದರೆ ಅದರ ಎಣ್ಣೆ ಗುಂಡಿಗಿಳಿದ ಚಕ್ರದತ್ತ ಹರಿದು ಅದನ್ನು ಕೆಳಕ್ಕೆ ಒತ್ತುತ್ತದೆ. ಯಾವ ಚಕ್ರವೂ ತೇಲುವುದಿಲ್ಲ, ಯಾವುದಕ್ಕೂ ಪಾಲಿಗಿಂತ ಹೆಚ್ಚು ಭಾರ ಬೀಳುವುದಿಲ್ಲ. ಸಾಲಿಗೆ ಎಂಟು ಟೈರಿನಂತೆ ಲೆಕ್ಕ ಹಾಕಿದರೆ 240 ಟೈರು ಎಂದರೆ 30 ಸಾಲು.

ಆದರೆ ಎಲ್ಲ ಸಿಲಿಂಡರ್‌ಗಳನ್ನೂ ಒಂದೇ ಗುಂಪಿಗೆ ಸೇರಿಸಿದರೆ ಟ್ರೇಲರ್ ಯಾವ ಕಡೆಗೆ ಬೇಕಾದರೂ ಮಗುಚಿಕೊಳ್ಳುತ್ತದೆ, ಏಕೆಂದರೆ ಎಣ್ಣೆ ಎಡದಿಂದ ಬಲಕ್ಕೂ ಹರಿದುಬಿಡುತ್ತದೆ. ಆದ್ದರಿಂದ ಅವನ್ನು ಮೂರು ಅಥವಾ ನಾಲ್ಕು ಗುಂಪುಗಳಾಗಿ ವಿಂಗಡಿಸುತ್ತಾರೆ. ಮೂರು ಗುಂಪು ಮಾಡಿದರೆ ನೂರಾರು ಚಕ್ರಗಳ ಟ್ರೇಲರ್ ಲೆಕ್ಕಕ್ಕೆ ಮೂರು ಕಾಲಿನ ಸ್ಟೂಲೇ ಆಗುತ್ತದೆ: ಆ ಮೂರು ಗುಂಪುಗಳ ಕೇಂದ್ರಗಳನ್ನು ಸೇರಿಸಿದ ತ್ರಿಕೋನದೊಳಗೆ ಸರಕಿನ ಗುರುತ್ವ ಕೇಂದ್ರದ ನೆಟ್ಟಗೆರೆ ಬೀಳುವವರೆಗೆ ಅದು ನಿಲ್ಲುತ್ತದೆ, ಹೊರಗೆ ಬಿದ್ದರೆ ಮಗುಚುತ್ತದೆ. ಸುತ್ತಲಿನ ಟೈರುಗಳು ತ್ರಿಕೋನದ ಹೊರಗೂ ಇವೆ ಎನ್ನುವುದು ಆಗ ನೆರವಿಗೆ ಬರುವುದಿಲ್ಲ. ಉದಾಹರಣೆಗೆ ಎಡಬಲ ಗುಂಪುಗಳ ನಡುವೆ 1.8 ಮೀಟರ್ ಅಂತರವಿದ್ದು, ಗುರುತ್ವ ಕೇಂದ್ರ 2.5 ಮೀಟರ್ ಎತ್ತರದಲ್ಲಿದ್ದರೆ, ನಾಲ್ಕು ಗುಂಪಿನ ಜೋಡಣೆ ಸುಮಾರು 20 ಡಿಗ್ರಿ ವಾಲುವವರೆಗೆ ತಡೆಯುತ್ತದೆ. ಮೂರು ಗುಂಪಿನಲ್ಲಿ, ಕೇಂದ್ರ ತ್ರಿಕೋನದ ನಟ್ಟನಡುವೆ ಇದ್ದರೂ, ಅದು ಸುಮಾರು 13 ಡಿಗ್ರಿಗೆ ಇಳಿಯುತ್ತದೆ. ಹಾಗಾದರೆ ನಾಲ್ಕೇ ಮೇಲಲ್ಲವೇ ಎಂದರೆ, ನಾಲ್ಕರಲ್ಲಿ ರಸ್ತೆ ತಿರುಚಿದಂತೆ ಮೇಲಿನ ಹಾಸನ್ನೂ ಸರಕನ್ನೂ ತಿರುಚುವ ಬಲ ಹುಟ್ಟುತ್ತದೆ, ಆಗಾಗ ಒತ್ತಡ ನೋಡಿ ಸರಿಪಡಿಸಬೇಕಾಗುತ್ತದೆ. ಎತ್ತರದ, ಇಕ್ಕಟ್ಟಾದ ಸರಕಿಗೆ ನಾಲ್ಕು, ತಗ್ಗಾದ ಸರಕಿಗೆ ಮೂರು ಎನ್ನುವುದು ಈ ಕೆಲಸದವರ ಸಾಮಾನ್ಯ ಆಯ್ಕೆ.

ರಸ್ತೆ ಒಂದು ಬದಿಗೆ ಇಳಿಜಾರಾಗಿದ್ದರೆ ಆ ಬದಿಯ ಗುಂಪಿಗೆ ಎಣ್ಣೆ ತುಂಬಿ ಹಾಸನ್ನು ಮತ್ತೆ ಮಟ್ಟಸಗೊಳಿಸುತ್ತಾರೆ. ಟ್ರೇಲರ್ ಪಕ್ಕದಲ್ಲಿ ನಡೆದುಕೊಂಡೇ ಬರುತ್ತಿದ್ದವರನ್ನು ನೀವು ಕಂಡಿರಬಹುದು. ಮಟ್ಟ ನೋಡುವುದು, ಒತ್ತಡದ ಮಾಪಕ ನೋಡುವುದು ಅಂಥವರ ಕೆಲಸ. ಎಲ್ಲ ಸಾಲುಗಳೂ ಸಲಾಕೆಗಳ ಜೋಡಣೆಯಿಂದ ತಮ್ಮ ತಮ್ಮ ಕೋನದಲ್ಲಿ ತಿರುಗುವುದರಿಂದ ಯಶವಂತಪುರದ ಓದುಗರ ಲಾರಿಯಲ್ಲಿರುವ ಉಜ್ಜಾಟವೂ ಇಲ್ಲಿ ಇರುವುದಿಲ್ಲ. ಇನ್ನು ವೇಗದ ಮಾತು: ಎಳೆಯುವ ವಾಹನ ನಡಿಗೆಯ ವೇಗದಲ್ಲಿದ್ದರೆ ತಿರುವಿನ ಬದಿಯ ಬಲ ಲೆಕ್ಕಕ್ಕೇ ಬರುವುದಿಲ್ಲ, ಉಳಿಯುವುದು ರಸ್ತೆಯ ಇಳಿಜಾರು ಮತ್ತು ಕೆಳಗಿನ ನೆಲದ ಗಟ್ಟಿತನ. ಕೆಲವೆಡೆ ಸೇತುವೆಗಳನ್ನು ಬಿಟ್ಟು ಪಕ್ಕದಲ್ಲಿ ತಾತ್ಕಾಲಿಕ ರಸ್ತೆ ಮಾಡಿಕೊಂಡು ಬಂದದ್ದು ಆ ನೆಲದ ಕಾರಣಕ್ಕೇ ಹೊರತು ಟ್ರೇಲರ್‌ನ ಸ್ಥಿರತೆಯ ಕಾರಣಕ್ಕಲ್ಲ.